ಹಲವರು ಸೇರಿ ಮಾಡುವ ಮರದ ಗೋಡೆಚಿತ್ರಕ್ಕೆ 3 ಮಿ.ಮೀ. ಬರ್ಚ್ ಪ್ಲೈವುಡ್

ಒಬ್ಬೊಬ್ಬರು ಒಂದೊಂದು ತುಂಡನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿ ಕೊನೆಗೆ ಒಂದೇ ಚಿತ್ರವಾಗಿ ಜೋಡಿಸುವ ಕೆಲಸಕ್ಕೆ ಬರ್ಚ್ ಪ್ಲೈ (ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿದ ಹಾಳೆ) ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಳಪದರಗಳಲ್ಲಿ ಟೊಳ್ಳು ಕಡಿಮೆ, ಹಾಗಾಗಿ ಲೇಸರ್ ಒಂದೇ ಸಮನೆ ಕತ್ತರಿಸುತ್ತದೆ. ಅಂಗಡಿಯಲ್ಲಿ ಇಂಟೀರಿಯರ್ ದರ್ಜೆಯದನ್ನೇ, ಅಂದರೆ ಮನೆಯೊಳಗಿನ ಬಳಕೆಯದನ್ನೇ ಕೇಳಿ. ನೀರು ತಡೆಯುವ ಪ್ಲೈನಲ್ಲಿರುವ ಫಿನಾಲಿಕ್ ಅಂಟನ್ನು ಲೇಸರ್ ಸುಲಭಕ್ಕೆ ಸೀಳದು. ಅಂಚು ಕರಕಲಾಗುತ್ತದೆ, ತುಂಡು ಮಾತ್ರ ಕಳಚುವುದಿಲ್ಲ.

3 ಮಿ.ಮೀ. ಅಂದರೂ ದಪ್ಪ ಹಾಳೆಯಿಂದ ಹಾಳೆಗೆ ತುಸು ಬೇರೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದ ಮೇಲೆಯೇ ಸ್ಲಾಟ್‌ನ (ತುಂಡು ಸಿಕ್ಕಿಸುವ ಸೀಳಿನ) ಅಗಲ ಗೊತ್ತುಮಾಡಿ. ಲೇಸರ್ ಕಿರಣವೂ ಕತ್ತರಿಸುವ ಗೆರೆಯಲ್ಲಿ ಸುಮಾರು 0.1ರಿಂದ 0.2 ಮಿ.ಮೀ. ಅಗಲ ಮರ ತಿನ್ನುತ್ತದೆ. ಗುಂಪಿನಲ್ಲಿ ಒಬ್ಬರು ಇದನ್ನು ಲೆಕ್ಕಕ್ಕೆ ಹಿಡಿದು ಇನ್ನೊಬ್ಬರು ಬಿಟ್ಟರೆ ಪಕ್ಕಪಕ್ಕದ ತುಂಡುಗಳು ಕೂರುವುದೇ ಇಲ್ಲ. ಅದಕ್ಕೇ ಈ ತಿದ್ದುಪಡಿಯನ್ನು ಎಲ್ಲ ವಿನ್ಯಾಸದ ಫೈಲ್‌ಗಳಿಗೂ ಒಬ್ಬರೇ ಕೊನೆಯಲ್ಲಿ ಮಾಡುವುದು ಒಳ್ಳೆಯದು. ಕೆತ್ತನೆ ಮೊದಲು, ಕತ್ತರಿಸುವುದು ಆಮೇಲೆ. ಹೊಗೆಯ ಕಲೆ ಆಗದಿರಲು ಮೇಲೆ ಮಾಸ್ಕಿಂಗ್ ಟೇಪ್ ಸಾಕು.

ದೊಡ್ಡ ಕೊರತೆಯೆಂದರೆ ಬಾಗುವುದು. ತೇವ ತಗುಲಿ ಹಾಳೆ ಡೊಂಕಾದರೆ ಫೋಕಸ್ ತಪ್ಪಿ, ಒಂದು ಮೂಲೆ ಕತ್ತರಿಸದೇ ಉಳಿಯುತ್ತದೆ. ಗೋಡೆಗೆ ಒರಗಿಸಿಡಬೇಡಿ, ಮಲಗಿಸಿ ಮೇಲೆ ಭಾರ ಹೇರಿ, ಕತ್ತರಿಸುವಾಗ, ಯಂತ್ರದ ಹಾಸು ಕಬ್ಬಿಣದ್ದಾಗಿದ್ದರೆ, ಅಂಚುಗಳಿಗೆ ಆಯಸ್ಕಾಂತ ಇಡಿ.