ಹಳೆ ಜೀಪಿನ ಹಿಂದಿನ ಬ್ರೇಕು: ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಹಿಂದಿನ ಬ್ರೇಕು ಹಿಡಿಯುವುದಿಲ್ಲ ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಕೌಂಟರಿನ ಮೇಲೆ ಮೊದಲು ಬಂದು ಕೂರುವುದು ಹೊಸ ಶೂ ಸೆಟ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಕಮಾನು ಪಟ್ಟಿಗಳು. ಹಾಕಿಸಿದ ಮೇಲೆ ನಾಲ್ಕು ದಿನ ಗಾಡಿ ನಿಲ್ಲುತ್ತದೆ, ಆಮೇಲೆ ಮತ್ತದೇ ಹಾಡು. ಕಾರವಾರ, ಅಂಕೋಲಾ, ಕುಮಟೆಯ ಕರಾವಳಿಯಲ್ಲಿ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದ ಕಡೆ ಇನ್ನೂ ದುಡಿಯುತ್ತಿರುವ ಮಾರುತಿ ಜಿಪ್ಸಿ, ಮಹೀಂದ್ರ ಜೀಪುಗಳಲ್ಲಿ ಲೈನಿಂಗ್ (ಶೂ ಮೇಲಿನ, ಡ್ರಮ್ಮಿಗೆ ಉಜ್ಜುವ ಪದರ) ಸವೆದು ಬ್ರೇಕು ಹೋಗುವುದಕ್ಕಿಂತ ನೀರು, ಉಪ್ಪು, ಕೆಸರು ಒಳಗೆ ಹೋಗಿ ಸಿಲಿಂಡರು ಜಾಮ್ ಆಗಿ ಹೋಗುವುದೇ ಹೆಚ್ಚು. ಹಾಗಾಗಿ ಈ ಬ್ರೇಕಿಗೆ ಬೇಕಾಗುವ ಸಾಮಾನು ಮತ್ತು ಲೇತ್ ಕೆಲಸವನ್ನು ಒಂದೊಂದಾಗಿ ತೂಗಿ ನೋಡಿದರೆ ನಮ್ಮ ಲೆಕ್ಕ ಹೀಗೆ: ಮೊದಲ ದುಡ್ಡು ಆಯಿಲ್ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವ್ಹೀಲ್ ಸಿಲಿಂಡರಿಗೆ, ಎರಡನೆಯದು ಆಕ್ಸಲಿನ ಎಣ್ಣೆ ಡ್ರಮ್ಮಿಗೆ ಬರದಂತೆ ತಡೆಯುವ ಆಯಿಲ್ ಸೀಲಿಗೆ, ಶೂ ಕೊನೆಗೆ.

ಹಿಂದಿನ ಬ್ರೇಕು ಕಡಿಮೆಯಾದರೂ ಮುಂದಿನದು ಹಿಡಿಯುತ್ತದಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಡಿಕೆ ಮೂಟೆಯನ್ನೋ ದರಕನ್ನೋ (ಒಣ ಎಲೆ) ಹೇರಿಕೊಂಡು ದೇವಿಮನೆ ಘಟ್ಟ ಅಥವಾ ಅರಬೈಲು ಘಟ್ಟ ಇಳಿಯುವಾಗ ಗಾಡಿಯ ಭಾರ ಹಿಂದಿನ ಚಕ್ರದ ಮೇಲೂ ಚೆನ್ನಾಗಿಯೇ ಇರುತ್ತದೆ. ಆ ಚಕ್ರ ದುಡಿಯದಿದ್ದರೆ ಇಡೀ ಶಾಖವನ್ನು ಮುಂದಿನ ಬ್ರೇಕೇ ನುಂಗಬೇಕು. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಅದು ಕಾದು, ಬ್ರೇಕ್ ಆಯಿಲಿನಲ್ಲಿ ಸೇರಿರುವ ನೀರು ಆವಿಯಾಗಿ, ಪೆಡಲ್ ನೆಲ ಮುಟ್ಟುತ್ತದೆ.

ದುಡ್ಡು ಬಿಚ್ಚುವ ಮೊದಲು ಪೆಡಲನ್ನೇ ಕೇಳಬೇಕು. ಮೊದಲ ಒತ್ತಿಗೆ ಆಳಕ್ಕೆ ಹೋಗಿ, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂ ಡ್ರಮ್ಮಿನಿಂದ ದೂರ ಸರಿದಿದೆ. ಅಡ್ಜಸ್ಟ್‌ಮೆಂಟ್ ಸಾಕು, ಸಾಮಾನು ಬೇಡ. ಎಷ್ಟು ಸಲ ಒತ್ತಿದರೂ ಮೆತ್ತಗೆ ಇದ್ದರೆ ಏರ್ ಸೇರಿದೆ. ಒತ್ತಿ ಹಿಡಿದಾಗ ನಿಧಾನ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಬಕೆಟ್ (ಬಟ್ಟಲಿನಾಕಾರದ ರಬ್ಬರ್ ಸೀಲ್) ಹೋಗಿದೆ. ಪೆಡಲ್ ಮೇಲೆಯೇ ಇದೆ, ಕಲ್ಲಿನ ಹಾಗೆ ಗಟ್ಟಿ, ಆದರೂ ಗಾಡಿ ನಿಲ್ಲುವುದಿಲ್ಲ ಎಂದರೆ ಲೈನಿಂಗಿಗೆ ಎಣ್ಣೆ ತಾಗಿರಬೇಕು, ಇಲ್ಲವೇ ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಸತ್ತಿರಬೇಕು. ಎಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕಾರು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗೆ ಜಾರಿದರೆ ಬೂಸ್ಟರ್ ಸರಿಯಿದೆ.

ಆಮೇಲೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಕೈ ಹಾಕಬೇಡಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಒಂದೇ ಚಕ್ರ ತಿರುಗಿದರೆ ತೊಂದರೆ ಆ ಡ್ರಮ್ಮಿನ ಒಳಗಿದೆ. ಎರಡೂ ಒಂದೇ ಸಮ ತಿರುಗಿದರೆ ತೊಂದರೆ ಡ್ರಮ್ಮಿಗಿಂತ ಮುಂಚೆ, ಹೋಸ್‌ಪೈಪಿನಲ್ಲೋ ವಾಲ್ವಿನಲ್ಲೋ ಇದೆ. ಅಥವಾ ಎರಡು ಕಡೆಯ ಶೂವೂ ದೂರವಿದೆ. ಹ್ಯಾಂಡ್ ಬ್ರೇಕಿನ ಕೇಬಲ್ ಇದೇ ಶೂಗಳನ್ನು ಎಳೆಯುವ ಗಾಡಿಯಾದರೆ ಇನ್ನೊಂದು ಸುಳಿವು ಸಿಗುತ್ತದೆ: ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಹಿಡಿದು ಕಾಲಿನದು ಹಿಡಿಯದಿದ್ದರೆ ಶೂ ಚೆನ್ನಾಗಿದೆ, ಒತ್ತಡ ಬರುತ್ತಿಲ್ಲ. ಹಳೆ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಬೇರೆ ಡ್ರಮ್ಮಿನ ಮೇಲೆ ಕೆಲಸ ಮಾಡುವುದರಿಂದ ಅಲ್ಲಿ ಈ ಸುಳಿವು ಸಿಗುವುದಿಲ್ಲ.

ಡ್ರಮ್ ಅಂಟಿಕೊಂಡಿದ್ದರೆ ಅಂಚಿಗೆ ಸುತ್ತಿಗೆ ಬೀಸಬೇಡಿ, ಬೀಡು ಕಬ್ಬಿಣ ಚೂರಾಗುತ್ತದೆ. ಜಿಪ್ಸಿಯ ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿವೆ. ಅವಕ್ಕೆ 8 ಮಿ.ಮೀ. ಬೋಲ್ಟು ಹಾಕಿ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಎಂದು ಸರದಿಯಂತೆ ತಿರುಗಿಸಿದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಒಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ದೃಶ್ಯ, ದಯವಿಟ್ಟು ಮಾಡಿಸಬೇಡಿ. ಹಳೆ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಮಾಡಿ ಒರೆಸಿದರೆ ಆಯಿತು.

ಈಗ ವ್ಹೀಲ್ ಸಿಲಿಂಡರ್. ಅದರ ಎರಡೂ ತುದಿಯ ರಬ್ಬರ್ ಬೂಟಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಒಣಗಿದ್ದರೆ, ಅಥವಾ ಬೆರಳಿಗೆ ಹತ್ತುವಷ್ಟು ತೇವ ಮಾತ್ರ ಇದ್ದರೆ ಗಾಬರಿ ಬೇಡ. ಹನಿ ಬಿದ್ದರೆ ಬಕೆಟ್ ಹೋಗಿದೆ. ಕರಾವಳಿಯ ಗಾಡಿಗಳಲ್ಲಿ, ಅದರಲ್ಲೂ ಬಂದರಿನಿಂದ ಮೀನಿನ ಪೆಟ್ಟಿಗೆ ಸಾಗಿಸುವ ಜೀಪುಗಳಲ್ಲಿ, ಬೂಟಿನ ಒಳಗೆ ಹಳಸಿದ ರಾಗಿ ಗಂಜಿಯ ಹಾಗೆ ಕಂದು ಲೋಳೆ ಕೂತಿರುತ್ತದೆ. ಐಸಿನ ಉಪ್ಪುನೀರು ಬೂಟಿನ ಸಂದಿಯಿಂದ ಇಳಿದು ಕಬ್ಬಿಣ ತಿಂದಿದ್ದಕ್ಕೆ ಅದೇ ಗುರುತು. ಇಂಥ ಸಿಲಿಂಡರಿನಲ್ಲಿ ಒಂದು ಕಡೆಯ ಪಿಸ್ಟನ್ ಅಲ್ಲಾಡದೆ ನಿಂತಿರುತ್ತದೆ. ಆ ಕಡೆಯ ಶೂ ಹೊಸದರಂತೆ ದಪ್ಪ, ಎದುರಿನದು ಸವೆದು ತೆಳ್ಳಗೆ.

ಮೂವತ್ತೋ ನಲವತ್ತೋ ವರ್ಷ ಹಳೆಯ ಸಿಲಿಂಡರಿಗೆ ಬಕೆಟ್ ಕಿಟ್ ಹಾಕಿ ಸಾಗಹಾಕುವುದು ವಾಡಿಕೆ. ಕಿಟ್ ಅಗ್ಗ, ಇಡೀ ಸಿಲಿಂಡರಿನ ಬೆಲೆಯ ಸಣ್ಣದೊಂದು ಪಾಲು. ಆದರೆ ಕಿಟ್ ಸಾರ್ಥಕವಾಗುವುದು ಒಳಗೋಡೆ ನುಣುಪಾಗಿದ್ದರೆ ಮಾತ್ರ. ಬ್ರೇಕ್ ಆಯಿಲಿನಲ್ಲೇ ತೊಳೆದು ಬ್ಯಾಟರಿ ಬೆಳಕಿನಲ್ಲಿ ನೋಡಿ. ಬರೀ ಕಲೆ ಇದ್ದರೆ 600 ನಂಬರಿನ ವಾಟರ್ ಪೇಪರಿನಿಂದ ಸುತ್ತಲೂ ತಿರುಗಿಸಿ ಉಜ್ಜಬಹುದು, ಉದ್ದಕ್ಕೆ ಎಳೆಯಬಾರದು. ಉಗುರಿಗೆ ಗುಳಿ ಸಿಕ್ಕಿದರೆ ಸಿಲಿಂಡರ್ ಬದಲಿಸಲೇಬೇಕು. ಆ ಗುಳಿಯ ಮೇಲೆ ಹೊಸ ಬಕೆಟ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಘಟ್ಟದ ಮೇಲಿನ ಗಾಡಿಗೆ ಕಿಟ್ ಹಾಕಿ ನೋಡಬಹುದು. ಸಮುದ್ರದ ಪಕ್ಕದ ಗಾಡಿಗೆ ಎರಡೂ ಬದಿಗೆ ಪೂರ್ತಿ ಸಿಲಿಂಡರೇ ಸರಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕಿಟ್ ಹಾಕುವುದೇ ಆದರೆ ಬಕೆಟಿನ ತೆರೆದ ಬಾಯಿ ಒಳಕ್ಕೆ, ಅಂದರೆ ಆಯಿಲ್ ಒತ್ತುವ ಕಡೆಗೆ ಇರಬೇಕು. ಸವರಲು ಬ್ರೇಕ್ ಆಯಿಲ್ ಅಥವಾ ರಬ್ಬರ್ ಗ್ರೀಸ್ ಮಾತ್ರ. ಪೆಟ್ರೋಲ್, ಸೀಮೆಎಣ್ಣೆ, ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಪಿಸ್ಟನ್ ಮತ್ತೆ ಜಾಮ್.

ಸಿಲಿಂಡರ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬೋರಿನ ಅಳತೆ ಹೋಲಿಸಿ. ಹೊರಗೆ ಒಂದೇ ಥರ ಕಾಣುವ ಸಿಲಿಂಡರುಗಳಲ್ಲಿ ಬೋರ್ ಬೇರೆ ಇರುತ್ತದೆ. 17.46 ಮಿ.ಮೀ. ಇದ್ದ ಕಡೆ 19.05 ಮಿ.ಮೀ. ಕೂರಿಸಿದರೆ ಪಿಸ್ಟನ್ನಿನ ವಿಸ್ತೀರ್ಣ ಶೇ. 19ರಷ್ಟು ಹೆಚ್ಚುತ್ತದೆ. ಹಿಡಿತ ಹೆಚ್ಚಿತು ಎಂದು ಖುಷಿಪಡಬಹುದು, ಆದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಜೂನ್ ತಿಂಗಳ ಒದ್ದೆ ರಸ್ತೆಯಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಹಿಂಭಾಗ ಅಡ್ಡ ತಿರುಗುತ್ತದೆ.

ಎರಡನೇ ಖರ್ಚು ಆಯಿಲ್ ಸೀಲ್. ಡ್ರಮ್ಮಿನೊಳಗಿನ ಕಪ್ಪು ಎಣ್ಣೆಗೆ ಗಂಧಕದ ಘಾಟು ವಾಸನೆ ಇದ್ದರೆ ಅದು ಡಿಫರೆನ್ಶಿಯಲ್ಲಿನ ಗೇರ್ ಆಯಿಲ್, ಸಿಲಿಂಡರಿನದಲ್ಲ. ಸೀಲ್ ಬದಲಿಸಿದರೂ ಮತ್ತೆ ಸೋರುವುದಕ್ಕೆ ಕಾರಣ ಹೆಚ್ಚಾಗಿ ಆಕ್ಸಲ್ ಮೇಲಿನ ಚಿಕ್ಕ ಬ್ರೀದರ್, ಅಂದರೆ ಗಾಳಿಕಿಂಡಿ. ಕೆಂಪು ಮಣ್ಣಿನ ಕೆಸರು ಅದರ ಬಾಯಿ ಮುಚ್ಚುತ್ತದೆ. ಆಕ್ಸಲ್ ಕಾದಾಗ ಒಳಗಿನ ಗಾಳಿ ಹಿಗ್ಗಿ, ಹೊರಗೆ ಹೋಗಲು ದಾರಿಯಿಲ್ಲದೆ ಸೀಲನ್ನೇ ತಳ್ಳಿಕೊಂಡು ಎಣ್ಣೆ ಹೊರಡುತ್ತದೆ. ಬಿಸಿ ಆಕ್ಸಲ್ ಹಳ್ಳಕ್ಕಿಳಿದು ತಣ್ಣಗಾದಾಗ ಉಲ್ಟಾ, ನೀರನ್ನು ಒಳಗೆಳೆದುಕೊಳ್ಳುತ್ತದೆ. ತೆಗೆದ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಆದದ್ದು ಇದೇ. ಬ್ರೀದರ್ ತೊಳೆದು, ಅದಕ್ಕೆ ಒಂದು ಮೀಟರ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರಕ್ಕೆ ಕಟ್ಟುವುದು ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಲಾಭದ ಖರ್ಚು. ಗೇರ್ ಆಯಿಲ್ ಭರ್ತಿ ತೂತಿನ ಕೆಳ ಅಂಚಿನವರೆಗೆ ಸಾಕು, ಹೆಚ್ಚು ತುಂಬಿದರೂ ಸೋರುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮೇಲೆ ಬರುತ್ತದೆ, ಆ ಶೂ ಮುಗಿದಂತೆಯೇ. ಬದಲಿಸುವಾಗ ಎರಡೂ ಬದಿ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಶೂ ವಿಚಾರಕ್ಕೆ ಬಂದರೆ ಎರಡು ದಾರಿ: ಹೊಸ ಸೆಟ್, ಅಥವಾ ಹಳೆ ಶೂಗೆ ಹೊಸ ಲೈನರ್ (ಲೈನಿಂಗ್) ಹೊಡೆಸುವುದು. ಅಂಟಿಸಿದ ಲೈನಿಂಗ್ ಸುಮಾರು 1.5 ಮಿ.ಮೀ.ಗೆ ಇಳಿದರೆ, ರಿವೆಟ್ ಹೊಡೆದದ್ದು ರಿವೆಟ್ ತಲೆಯಿಂದ 0.8 ಮಿ.ಮೀ. ಮಾತ್ರ ಮೇಲಿದ್ದರೆ ಬದಲಿಸಬೇಕು. ಜಿಪ್ಸಿಗೆ ಹೊಸ ಸೆಟ್ಟೇ ಸುಲಭ. ಹಳೆ ಜೀಪಿಗೆ ಲೈನರ್ ಹೊಡೆಸುವುದು ಒಳ್ಳೆಯ ಕೆಲಸವೇ, ಹೊಡೆಯುವವನ ಕೈ ಚೆನ್ನಾಗಿದ್ದರೆ. ರಿವೆಟ್ ಹೊಡೆದ ಮೇಲೆ ಲೈನರಿಗೂ ಶೂಗೂ ನಡುವೆ ತೆಳು ಕಾಗದವೂ ತೂರಬಾರದು. ತೂರಿದರೆ ವಾಪಸ್ ಕೊಡಿ. ರಾಣೆ, ಸುಂದರಂ ಮುಂತಾದ ಹೆಸರುವಾಸಿ ಲೈನಿಂಗ್ ಕೇಳಿ ತರುವುದು ಲೇಸು. ಅಂಚಿನ ಮೇಲಿನ ಕೋಡಿನಲ್ಲಿ ‘ಇಇ’, ‘ಎಫ್‌ಎಫ್’ ಎಂಬಂಥ ಎರಡು ಅಕ್ಷರ ಇದ್ದರೆ ಓದಿಕೊಳ್ಳಿ: ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. ‘ಇ’ ಅಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45. ಘಟ್ಟ ಇಳಿಯುವ ಗಾಡಿಗೆ ಎರಡನೇ ಅಕ್ಷರವೇ ಮುಖ್ಯ. ಹೆಸರಿಲ್ಲದ, ಕೋಡಿಲ್ಲದ ಅಗ್ಗದ ಶೂ ಬೇಡವೇ ಬೇಡ.

ಲೇತಿನಲ್ಲಿ ಡ್ರಮ್ ಟರ್ನಿಂಗ್ ಮಾಡಿಸುವುದು ಎಲ್ಲರಿಗೂ ಬೇಕಾಗಿಲ್ಲ. ಆಳ ಗೀರು, ಅಂಚಿನಲ್ಲಿ ಏಣು, ಅಥವಾ ಪೆಡಲ್ ಮಿಡಿಯುವಷ್ಟು ಓವಲ್ ಇದ್ದರೆ ಮಾತ್ರ ಮಾಡಿಸಿ. ಹಲವು ಡ್ರಮ್ಮುಗಳ ಮೇಲೆಯೇ ಗರಿಷ್ಠ ವ್ಯಾಸ ಎರಕದಲ್ಲಿ ಮೂಡಿರುತ್ತದೆ, ಅದನ್ನು ಮೀರಿಸಿದ ಡ್ರಮ್ ಗುಜರಿಗೆ. ಟರ್ನಿಂಗ್ ಆದ ದೊಡ್ಡ ಡ್ರಮ್ಮಿಗೆ ಸ್ಟ್ಯಾಂಡರ್ಡ್ ಶೂ ಹಾಕಿದಾಗ ಅದು ನಡುಮಧ್ಯ ಮಾತ್ರ ತಾಗುತ್ತದೆ. ‘ಹೊಸ ಶೂ ಹಾಕಿದರೂ ಹಿಡಿಯುವುದಿಲ್ಲ’ ಎಂಬ ದೂರಿಗೆ ಇದು ದೊಡ್ಡ ಕಾರಣ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು, ಶೂವನ್ನು ಕೈಯಿಂದ ಒತ್ತಿ ಉಜ್ಜಿ. ಬಿಳಿ ಗುರುತು ಉದ್ದಕ್ಕೂ ಬರಬೇಕು. ನಡುವೆ ಮಾತ್ರ ಬಂದರೆ ಅಲ್ಲಿ ಉಜ್ಜಿ ಹೊಂದಿಸಬೇಕು.

ಎತ್ತರಿಸಿದ ಜಿಪ್ಸಿಗಳ ಬಗ್ಗೆ ಒಂದು ಮಾತು. ಹಿಂದಿನ ಆಕ್ಸಲಿಗೆ ರಾಡ್ ಜೋಡಿಸಿದ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ, ಲೀಫ್ ಪಟ್ಟಿ ಹೆಚ್ಚಿಸಿ ಬಾಡಿ ಮೇಲೇರಿಸಿದಾಗ ಆ ವಾಲ್ವಿಗೆ ಗಾಡಿ ಖಾಲಿಯಿದ್ದಂತೆ ಭಾಸವಾಗಿ ಹಿಂದಿನ ಒತ್ತಡವನ್ನು ತಗ್ಗಿಸುತ್ತದೆ. ಏನೇ ಸಾಮಾನು ಬದಲಿಸಿದರೂ ಬ್ರೇಕು ಬರುವುದಿಲ್ಲ. ರಾಡನ್ನು ಎತ್ತರಕ್ಕೆ ತಕ್ಕಂತೆ ಹೊಂದಿಸಬೇಕು, ವಾಲ್ವನ್ನೇ ಕಿತ್ತೆಸೆಯುವುದು ಅಪಾಯ. ಟೈರ್ ದೊಡ್ಡದಾದರೂ ಅಷ್ಟೇ: ವ್ಯಾಸ ಶೇ. 10 ಹೆಚ್ಚಿದರೆ ಅದೇ ಬ್ರೇಕಿಗೆ ನೆಲದ ಮೇಲಿನ ಹಿಡಿತ ಸುಮಾರು ಶೇ. 9 ಕಡಿಮೆ. ಚಾಸಿಯಿಂದ ಆಕ್ಸಲಿಗೆ ಹೋಗುವ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿರಬಹುದು, ಹಳೆಯದಾಗಿದ್ದರೆ ಯೋಚಿಸದೆ ಬದಲಿಸಿ.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ತೇವದ ಗಾಳಿಯಲ್ಲಿ ತೆರೆದಿಟ್ಟ ಡಬ್ಬಿ ಬೇಗ ಕೆಡುತ್ತದೆ. ಆದ್ದರಿಂದ ಅರ್ಧ ಲೀಟರಿನ ಸೀಲ್ ಡಬ್ಬಿಯನ್ನೇ ಕೊಳ್ಳಿ. ಹಿಂದಿನ ಲೈನಿಗೆ ಒಂದು ಸಾಕು, ನಾಲ್ಕೂ ಚಕ್ರಕ್ಕೆ ಎರಡು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದ ನಿಪ್ಪಲಿನಿಂದ ಏರ್ ತೆಗೆಯಲು ಶುರುಮಾಡಿ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು, ನಡುವೆ ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿ ಆಯಿಲ್ ತಳ ಕಾಣಬಾರದು.

ಕೈಯಿಂದ ಅಡ್ಜಸ್ಟ್ ಮಾಡುವ ಜೀಪಿನಲ್ಲಿ ಚಕ್ರ ನಿಲ್ಲುವವರೆಗೆ ಕ್ಯಾಮ್ ಬಿಗಿ ಮಾಡಿ, ಆಮೇಲೆ ಲೈನಿಂಗ್ ಸಣ್ಣಗೆ ಸವರುವ ಸದ್ದಷ್ಟೇ ಉಳಿಯುವವರೆಗೆ ಸಡಿಲಿಸಿ. ಶೂ ಹೊಂದಿದ ಮೇಲೆಯೇ ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿ ಮಾಡಬೇಕು. ಕೇಬಲ್ ಎಳೆದು ಶೂ ಹೊಂದಿಸಲು ಹೋದರೆ ಅಡ್ಜಸ್ಟರ್ ಕೆಲಸವೇ ಮಾಡುವುದಿಲ್ಲ. ಹೊಸ ಲೈನಿಂಗ್ ಹಾಕಿದ ದಿನವೇ ಘಟ್ಟಕ್ಕೆ ಹೋಗಬೇಡಿ. ಖಾಲಿ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಮೆಲ್ಲಗೆ ಬ್ರೇಕ್ ಒತ್ತಿ ನಿಧಾನ ಮಾಡುವುದು, ಆರಲು ಬಿಡುವುದು, ಮತ್ತೆ ಒತ್ತುವುದು. ಹೀಗೆ ಇಪ್ಪತ್ತು ಸಲ. ನಂತರ ಡ್ರಮ್ಮುಗಳನ್ನು ಮುಟ್ಟದೆ ಹತ್ತಿರದಿಂದ ಕೈ ಹಿಡಿದು ನೋಡಿ: ಎರಡೂ ಒಂದೇ ಸಮ ಬೆಚ್ಚಗಿರಬೇಕು. ಒಂದು ತಣ್ಣಗಿದ್ದರೆ ಆ ಕಡೆ ಇನ್ನೂ ಕೆಲಸ ಬಾಕಿ ಇದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಲೈನಿಂಗ್ ಕೂತು ಪೆಡಲ್ ಸ್ವಲ್ಪ ಇಳಿದಿರುತ್ತದೆ, ಆಗ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ.