ಗೂಗಲ್ ಫ್ಯಾಮಿಲಿ ಲಿಂಕ್: ಮಗುವಿಗೆ ಸ್ವಂತ ಫೋನ್ ಇಲ್ಲದ ಮನೆಯಲ್ಲಿ

ಗೂಗಲ್ ಕಂಪನಿ 2017ರಲ್ಲಿ ಹೊರತಂದ ಫ್ಯಾಮಿಲಿ ಲಿಂಕ್, ಮಕ್ಕಳ ಫೋನ್ ಬಳಕೆಯನ್ನು ತಂದೆತಾಯಿ ತಮ್ಮ ಫೋನಿನಿಂದಲೇ ನಿಯಂತ್ರಿಸಲು ಇರುವ ಉಚಿತ ಆ್ಯಪ್. ಹದಿಮೂರು ವರ್ಷದೊಳಗಿನ ಮಗುವಿನ ಹೆಸರಿನಲ್ಲಿ ಗೂಗಲ್ ಖಾತೆ ತೆರೆದು ಅದನ್ನು ಪೋಷಕರ ಖಾತೆಗೆ ಜೋಡಿಸಿದರೆ, ಮಗು ದಿನಕ್ಕೆ ಎಷ್ಟು ಹೊತ್ತು ಫೋನ್ ಬಳಸಬಹುದು, ರಾತ್ರಿ ಎಷ್ಟು ಗಂಟೆಗೆ ಅದು ಮುಚ್ಚಿಕೊಳ್ಳಬೇಕು, ಯಾವ ಆ್ಯಪ್ ಇರಬೇಕು, ಯಾವ ಜಾಲತಾಣ ತೆರೆಯಬೇಕು ಎಂಬುದನ್ನೆಲ್ಲ ಪೋಷಕರೇ ನಿರ್ಧರಿಸಬಹುದು. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಮೂರನೇ ತರಗತಿಯಲ್ಲಿ ಓದುವ ಮಗಳಿಗಾಗಿ ಇದನ್ನು ಬಳಸುತ್ತಿದ್ದೇವೆ. ತಾನು ಮಾಡುತ್ತೇನೆಂದು ಹೇಳುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಆದರೆ ಮಗುವಿಗೊಂದು ಸ್ವಂತ ಫೋನ್ ಇದೆ ಎಂದು ಭಾವಿಸಿಕೊಂಡು ರೂಪಿಸಿದ ವ್ಯವಸ್ಥೆ ಇದು. ನಮ್ಮಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಅಮ್ಮನ ಫೋನನ್ನು.

ಈ ಅಭ್ಯಾಸ ಎಲ್ಲಿಂದ ಬಂತೆಂಬುದು ಬೆಂಗಳೂರಿನ ಪೋಷಕರಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಐದನೇ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಆದೇಶಿಸಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಪಾಠಗಳು ಮತ್ತೆ ಶಾಲೆಯ ಕೋಣೆಗೆ ಮರಳಿದ ಮೇಲೂ ಫೋನ್ ಮಾತ್ರ ಸ್ಲೇಟಿನ ಪಕ್ಕದಲ್ಲೇ ಉಳಿದುಕೊಂಡಿತು. ಇಂದು ಎಷ್ಟೋ ಶಾಲೆಗಳಲ್ಲಿ ಹೋಂವರ್ಕ್ ಬರುವುದು ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ. ವಾಟ್ಸ್‌ಆ್ಯಪ್ ಬಳಸಲು ಕನಿಷ್ಠ ಹದಿಮೂರು ವರ್ಷವಾಗಿರಬೇಕೆಂಬ ನಿಯಮವಿರುವುದರಿಂದ ಗ್ರೂಪಿನಲ್ಲಿರುವುದು ತಾಯಿಯ ನಂಬರು, ಅದನ್ನು ತೆರೆದು ನೋಡುವುದು ಮಗು. ಹೋಂವರ್ಕ್‌ನ ಚಿತ್ರವನ್ನು ದೊಡ್ಡದು ಮಾಡಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಎಂಟು ವರ್ಷದ ಮಗುವಿನ ಬೆರಳಿಗೆ ನಿಲುಕುವಷ್ಟು ದೂರದಲ್ಲಿ ಅಮ್ಮನ ಬ್ಯಾಂಕಿನ ಆ್ಯಪ್, ಯುಪಿಐ, ಸಂಬಂಧಿಕರ ಗ್ರೂಪಿಗೆ ಬಂದು ಬಿದ್ದಿರುವ ವಿಡಿಯೊಗಳು, ದೊಡ್ಡವರ ಅಭಿರುಚಿಗೆ ಒಗ್ಗಿಹೋದ ಯೂಟ್ಯೂಬ್ ಎಲ್ಲವೂ ಇರುತ್ತವೆ. ಆ ಫೋನಿನಲ್ಲಿರುವುದು ಪೋಷಕರ ಖಾತೆಯಾದ್ದರಿಂದ ಫ್ಯಾಮಿಲಿ ಲಿಂಕ್ ಅಲ್ಲಿ ಏನನ್ನೂ ತಡೆಯುವುದಿಲ್ಲ. ತಮ್ಮ ಫೋನಿಗೆ ಈ ಆ್ಯಪ್ ಹಾಕಿಕೊಂಡು, ಇನ್ನು ಮಗು ಸುರಕ್ಷಿತವೆಂದು ನಿಶ್ಚಿಂತರಾಗಿರುವ ಪೋಷಕರನ್ನು ನಾನು ಕಂಡಿದ್ದೇನೆ. ಅವರ ಫೋನಿನಲ್ಲಿರುವುದು ನಿಯಂತ್ರಿಸುವ ಸಾಧನ, ನಿಯಂತ್ರಿಸಲು ಅಲ್ಲಿ ಏನೂ ಇಲ್ಲ.

ಆದ್ದರಿಂದ ಇದನ್ನು ಬಳಸಬೇಕೆನ್ನುವವರು ಮೊದಲು ಮನೆಯಲ್ಲಿರುವ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಮಗುವಿನ ಹೆಸರಿಗೆ ಬಿಟ್ಟುಕೊಡಬೇಕಾಗುತ್ತದೆ. ಕಪಾಟಿನಲ್ಲಿ ಮಲಗಿದ್ದ ಫೋನಿಗೆ ಎಸ್.ಪಿ. ರಸ್ತೆಯಲ್ಲಿ ಹೊಸ ಬ್ಯಾಟರಿ ಹಾಕಿಸಿ, ಅದರಲ್ಲಿದ್ದುದನ್ನೆಲ್ಲ ಪೂರ್ತಿ ಅಳಿಸಿ, ಸಿಮ್ ಹಾಕದೆ, ಮನೆಯ ವೈಫೈಗೆ ಮಾತ್ರ ಜೋಡಿಸಿದೆವು. ಸಿಮ್ ಇಲ್ಲದಿರುವುದು ಕೊರತೆಯೆಂದು ನನಗೆ ಅನ್ನಿಸುವುದಿಲ್ಲ. ವೈಫೈ ಇಲ್ಲದ ಕಡೆ ಆ ಫೋನಿನಲ್ಲಿ ಇಂಟರ್ನೆಟ್ಟೇ ಇರುವುದಿಲ್ಲವೆಂಬುದು ಯಾವ ಸೆಟ್ಟಿಂಗೂ ಕೊಡಲಾರದ ಸಮಾಧಾನ. ಮಗುವಿನ ಖಾತೆ ತೆರೆಯುವ ಹಂತಗಳು ಉದ್ದವಾದರೂ ಗೊಂದಲವಿಲ್ಲ. ಜನ್ಮದಿನಾಂಕವನ್ನು ಮಾತ್ರ ಸರಿಯಾಗಿ ಕೊಡಿ, ಏಕೆಂದರೆ ಮುಂದಿನ ರಕ್ಷಣೆಯೆಲ್ಲ ನಿಂತಿರುವುದು ಅದರ ಮೇಲೆ. ಬೇಗ ಮುಗಿಯಲೆಂದು ವಯಸ್ಸು ಹೆಚ್ಚಿಸಿ ಬರೆದರೆ ಮಗುವಿಗೆ ದೊಡ್ಡವರ ಖಾತೆಯೇ ಸಿಗುತ್ತದೆ.

ಸಮಯದ ಮಿತಿ ಈ ಆ್ಯಪ್‌ನ ಅತ್ಯುತ್ತಮ ಭಾಗ. ದಿನದ ಒಟ್ಟು ಅವಧಿಯನ್ನು ವಾರದ ಒಂದೊಂದು ದಿನಕ್ಕೂ ಬೇರೆಬೇರೆಯಾಗಿ ಇಡಬಹುದು, ಒಂದೇ ಆ್ಯಪ್‌ಗೂ ಪ್ರತ್ಯೇಕ ಮಿತಿ ಹಾಕಬಹುದು, ನಿಘಂಟು ಅಥವಾ ಗಣಿತದ ಅಭ್ಯಾಸದಂಥ ಆ್ಯಪ್‌ಗಳನ್ನು ಮಿತಿಯ ಲೆಕ್ಕದಿಂದ ಹೊರಗಿಡಬಹುದು. ಐದರಿಂದ ಹತ್ತು ವರ್ಷದ ಮಕ್ಕಳು ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಹೊತ್ತು ಪರದೆಯ ಮುಂದಿರಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ಟಿವಿಯೂ ಆ ಲೆಕ್ಕದೊಳಗೇ ಬರಬೇಕಾದ್ದರಿಂದ ಶಾಲೆಯಿರುವ ದಿನಗಳಲ್ಲಿ ನಾವು ಫೋನಿಗೆ ಕೊಟ್ಟಿರುವುದು ಅರ್ಧ ಗಂಟೆ. ಅವಧಿ ಮುಗಿಯುವ ಮುನ್ನ ಪರದೆಯ ಮೇಲೆ ಸೂಚನೆ ಬರುತ್ತದೆ, ಆಮೇಲೆ ಫೋನ್ ಮುಚ್ಚಿಕೊಳ್ಳುತ್ತದೆ. ಸಿಮ್ ಇರುವ ಫೋನಾದರೆ ಹಾಗೆ ಮುಚ್ಚಿದ ಮೇಲೂ ಬಂದ ಕರೆ ಸ್ವೀಕರಿಸಬಹುದು, ತುರ್ತು ಕರೆ ಮಾಡಬಹುದು. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ತೆರೆಯಬೇಕಾಗಿ ಬಂದರೆ ಪೋಷಕರ ಆ್ಯಪ್‌ನಲ್ಲಿ ಸಂಕೇತ ಸಂಖ್ಯೆಯೊಂದು ಸಿಗುತ್ತದೆ. ಇದರಿಂದ ನಮ್ಮ ಮನೆಯಲ್ಲಿ ಆದ ದೊಡ್ಡ ಲಾಭವೆಂದರೆ ಜಗಳ ಕಡಿಮೆಯಾದದ್ದು. ಮೊದಲು ಫೋನ್ ಕಸಿದುಕೊಳ್ಳುವವಳು ಅಮ್ಮನಾಗಿದ್ದಳು. ಈಗ ಮಗಳು ‘ಟೈಮ್ ಆಗೋಯ್ತು’ ಎಂದು ಗೊಣಗಿಕೊಂಡು ತಾನೇ ಫೋನನ್ನು ಚಾರ್ಜಿಗೆ ಹಾಕಿ ಬರುತ್ತಾಳೆ. ಎಲ್ಲ ಮಕ್ಕಳೂ ಹೀಗೆ ಒಗ್ಗಿಕೊಳ್ಳುತ್ತಾರೆಂದು ಹೇಳಲಾಗದು. ಫೋನ್ ಮುಚ್ಚಿದೊಡನೆ ಊಟ ಬಿಡುವ, ನಿದ್ದೆಗೆಡುವ, ಕೈಗೆ ಸಿಕ್ಕಿದ್ದನ್ನು ಎಸೆಯುವ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ಅದು ಆ್ಯಪ್‌ನ ಕೈ ಮೀರಿದ ವಿಷಯ. ಅದಕ್ಕಾಗಿಯೇ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನ್, ಇಂಟರ್ನೆಟ್‌ನ ಅತಿಬಳಕೆಗೆ ಚಿಕಿತ್ಸೆ ನೀಡುವ ‘ಶಟ್ ಕ್ಲಿನಿಕ್’ ಇದೆ, ಮತ್ತು ಬೆಂಗಳೂರಿನಲ್ಲಿರುವವರು ಅಲ್ಲಿಗೆ ಹೋಗಲು ಸಂಕೋಚಪಡಬೇಕಾಗಿಲ್ಲ.

ಹೊಸ ಆ್ಯಪ್ ಬೇಕೆಂದು ಮಗು ಒತ್ತಿದರೆ ಕೋರಿಕೆ ಪೋಷಕರ ಫೋನಿಗೆ ಬರುತ್ತದೆ. ಇಲ್ಲಿ ಪ್ಲೇ ಸ್ಟೋರ್ ತೋರಿಸುವ 3+, 7+, 12+ ಎಂಬ ವಯೋಮಿತಿಯನ್ನಷ್ಟೇ ನೋಡಿ ಒಪ್ಪಿಗೆ ಕೊಡುವುದು ಸಾಲದು. ಆ ಮಿತಿ ನಿಗದಿಯಾಗುವುದು ಆಟ ತಯಾರಿಸಿದವರು ಪ್ರಶ್ನಾವಳಿಯೊಂದಕ್ಕೆ ಕೊಡುವ ಉತ್ತರಗಳ ಆಧಾರದ ಮೇಲೆ. ಆಟದಲ್ಲಿ ಹಿಂಸೆ, ಅಶ್ಲೀಲತೆ, ಜೂಜು ಎಷ್ಟಿದೆಯೆಂಬುದನ್ನು ಅದು ಮುಖ್ಯವಾಗಿ ಹೇಳುತ್ತದೆ. ಆಡುತ್ತಾ ಅಪರಿಚಿತರೊಂದಿಗೆ ಮಾತಾಡಬಹುದೇ ಎಂಬುದು ಬೇರೆಯದೇ ಪ್ರಶ್ನೆ. ಬಳಕೆದಾರರು ಪರಸ್ಪರ ಸಂವಹನ ನಡೆಸಬಹುದೆಂಬ ಸೂಚನೆ, ಆಟದಲ್ಲಿ ಖರೀದಿಗಳಿವೆಯೆಂಬ ಸೂಚನೆ ಸಣ್ಣ ಅಕ್ಷರಗಳಲ್ಲಿ ಬೇರೆಯಾಗಿ ಇರುತ್ತವೆ, ಪ್ರಾಥಮಿಕ ಶಾಲೆಯ ಮಕ್ಕಳ ವಿಷಯದಲ್ಲಿ ಆ ಎರಡು ಸಾಲುಗಳೇ ಹೆಚ್ಚು ಮುಖ್ಯ. ನೋಡಲು ನಿರಪಾಯವಾದ ಲೂಡೋ ಮಾದರಿಯ ಆಟದಲ್ಲೂ ಗುರುತಿಲ್ಲದವರ ಜೊತೆ ಚಾಟ್ ಮಾಡುವ ಅವಕಾಶವಿರಬಹುದು. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಆ ಆಟವನ್ನು ಪೋಷಕರು ತಮ್ಮ ಫೋನಿನಲ್ಲಿ ಒಮ್ಮೆ ಆಡಿ ನೋಡುವುದು ಒಳ್ಳೆಯದು. ಮೆಟ್ರೋದಲ್ಲಿ ನಿಂತುಕೊಂಡು ಒಪ್ಪಿಗೆ ಒತ್ತುವಂಥ ಕೆಲಸ ಇದಲ್ಲ. ಖರೀದಿಗೆ ಒಪ್ಪಿಗೆ ಕೇಳುವ ವ್ಯವಸ್ಥೆ ಗೂಗಲ್ ಪ್ಲೇ ಮೂಲಕ ನಡೆಯುವ ಪಾವತಿಗೆ ಮಾತ್ರ ಅನ್ವಯಿಸುತ್ತದೆಂಬುದೂ ನೆನಪಿರಲಿ.

ಯೂಟ್ಯೂಬ್ ವಿಷಯದಲ್ಲಿ ಎರಡು ದಾರಿಗಳಿವೆ. ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಎಂಬ ಬೇರೆಯೇ ಆ್ಯಪ್ ಇದೆ. ಅದರಲ್ಲಿ ಕಾಮೆಂಟ್‌ಗಳಿಲ್ಲ, ಹುಡುಕುವ ಸೌಲಭ್ಯವನ್ನು ಮುಚ್ಚಬಹುದು, ಪೋಷಕರು ಆರಿಸಿದ ವಿಡಿಯೊ ಮತ್ತು ಚಾನೆಲ್‌ಗಳು ಮಾತ್ರ ಕಾಣುವಂತೆಯೂ ಮಾಡಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಮಾಮೂಲಿ ಯೂಟ್ಯೂಬನ್ನೇ ಸೋಸಿ ಕೊಡುವ ವ್ಯವಸ್ಥೆ 2021ರಲ್ಲಿ ಬಂತು, ಅದರ ಮೊದಲ ಹಂತ ಒಂಬತ್ತು ವರ್ಷ ಮೇಲ್ಪಟ್ಟವರಿಗಾಗಿ ಇದೆ. ಮೂರನೇ ತರಗತಿಗೆ ಯೂಟ್ಯೂಬ್ ಕಿಡ್ಸ್ ಸಾಕು. ಒಂದು ಎಚ್ಚರಿಕೆ ಅಗತ್ಯ: ಯೂಟ್ಯೂಬ್ ಕಿಡ್ಸ್‌ನಲ್ಲಿ ಪೋಷಕರ ಸೆಟ್ಟಿಂಗ್ ತೆರೆಯಲು ಹೋದಾಗ, ಬೇರೆ ಪಾಸ್‌ಕೋಡ್ ಇಟ್ಟುಕೊಂಡಿರದಿದ್ದರೆ, ಅದು ಗುಣಾಕಾರದ ಲೆಕ್ಕವೊಂದನ್ನು ಕೇಳಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ ಒಕ್ಕೊರಲಿನಿಂದ ಒಪ್ಪಿಸುವುದು ಮಗ್ಗಿಯನ್ನೇ. ಏಳೆಂಟಲ ಐವತ್ತಾರು ಎಂದು ಎರಡು ಸೆಕೆಂಡಿನಲ್ಲಿ ಹೇಳಬಲ್ಲ ಮಗುವಿಗೆ ಅದು ತಡೆಯೇ ಅಲ್ಲವಾದ್ದರಿಂದ, ಮೊದಲ ದಿನವೇ ಸ್ವಂತ ಪಾಸ್‌ಕೋಡ್ ಹಾಕಿಬಿಡಬೇಕು.

ಕ್ರೋಮ್ ಬ್ರೌಸರಿನಲ್ಲಿ ಅಶ್ಲೀಲ ತಾಣಗಳನ್ನು ತಡೆಯುವ ಆಯ್ಕೆಯೂ, ನಾವು ಪಟ್ಟಿ ಮಾಡಿದ ತಾಣಗಳಷ್ಟೇ ತೆರೆಯುವ ಆಯ್ಕೆಯೂ ಇವೆ. ತಾಣಗಳನ್ನು ಸೋಸುವ ಯಾವ ವ್ಯವಸ್ಥೆಯೂ ಪರಿಪೂರ್ಣವಲ್ಲವೆಂದು ಗೂಗಲ್ ತಾನೇ ಒಪ್ಪಿಕೊಳ್ಳುವುದರಿಂದ, ಈ ವಯಸ್ಸಿಗೆ ಎರಡನೆಯದೇ ಸರಿಯೆಂಬುದು ನನ್ನ ಅಭಿಪ್ರಾಯ. ಮನೆಯ ಉಳಿದ ಸಾಧನಗಳಿಗೆ, ಅಂದರೆ ಟಿವಿ ಮತ್ತು ದೊಡ್ಡವರ ಫೋನುಗಳಿಗೆ, ಫ್ಯಾಮಿಲಿ ಲಿಂಕ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ನೆರವಾಗುವುದು ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಆರಂಭಿಸಿದ, ಕುಟುಂಬಗಳಿಗೆಂದೇ ಇರುವ ಉಚಿತ ಡಿಎನ್ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ) ಸೇವೆ. ವೈಫೈ ರೌಟರಿನ ಡಿಎನ್ಎಸ್ ಜಾಗದಲ್ಲಿ 1.1.1.3 ಎಂದು ಬರೆದರೆ ಆ ವೈಫೈ ಬಳಸುವ ಸಾಧನಗಳಲ್ಲಿ ಅಶ್ಲೀಲ ತಾಣಗಳೂ ವೈರಸ್ ಹರಡುವ ತಾಣಗಳೂ ಬಹುಮಟ್ಟಿಗೆ ತೆರೆಯುವುದಿಲ್ಲ. ಯೂಟ್ಯೂಬಿನ ಒಳಗೆ ಬರುವ ವಿಡಿಯೊಗಳನ್ನು ಅದು ಸೋಸುವುದಿಲ್ಲ, ಮೊಬೈಲ್ ಡೇಟಾದಲ್ಲಿರುವ ಫೋನಿಗೆ ಅದು ಅನ್ವಯಿಸುವುದೂ ಇಲ್ಲ.

ಮಗುವಿಗೆ ಬಂದ ಸಂದೇಶಗಳನ್ನು ಫ್ಯಾಮಿಲಿ ಲಿಂಕ್ ಓದಿ ಪೋಷಕರಿಗೆ ತೋರಿಸುವುದಿಲ್ಲ. ಕೆಲವು ಪೋಷಕರು ಇದನ್ನು ದೊಡ್ಡ ಕೊರತೆಯೆನ್ನುತ್ತಾರೆ, ನಾನು ಹಾಗೆನ್ನುವುದಿಲ್ಲ. ಕದ್ದು ಓದುವ ಅಮ್ಮನಿಗೆ ಮಗು ಮುಂದೆ ಏನನ್ನೂ ಹೇಳದೆ ಇರಬಹುದು. ಆಟದಲ್ಲಿ ಯಾರೋ ಊರು, ಶಾಲೆಯ ಹೆಸರು ಅಥವಾ ಫೋಟೊ ಕೇಳಿದರೆಂದು ಮಗು ಬಂದು ಹೇಳಿದಾಗ ಬೈಯದೆ, ಫೋನ್ ಕಿತ್ತುಕೊಳ್ಳದೆ ಕೇಳಿಸಿಕೊಳ್ಳುವುದು ಮುಖ್ಯ. ಹೇಳಿದ್ದಕ್ಕೆ ಫೋನ್ ಹೋಯಿತೆಂದಾದರೆ ಎರಡನೆಯ ಸಲ ಅದು ಹೇಳುವುದಿಲ್ಲ. ಅದು ಗಂಭೀರ ಪ್ರಕರಣವಾದರೆ ಸ್ಕ್ರೀನ್‌ಶಾಟ್ ಮತ್ತು ಎದುರಿನವರ ಖಾತೆಯ ಹೆಸರನ್ನು ಉಳಿಸಿಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಬಹುದು. ಹೆಂಗಸರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಅಲ್ಲಿ ಹೆಸರು ಹೇಳದೆಯೂ ದಾಖಲಿಸಲು ಅವಕಾಶವಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಮಗುವಿನ ಅಶ್ಲೀಲ ಚಿತ್ರವೇನಾದರೂ ಕಣ್ಣಿಗೆ ಬಿದ್ದರೆ, ಉಳಿದ ಪೋಷಕರನ್ನು ಎಚ್ಚರಿಸುವ ಸದುದ್ದೇಶದಿಂದಲೂ ಅದನ್ನು ಗ್ರೂಪಿಗೆ ಹಾಕಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಂಥದ್ದನ್ನು ಹಂಚುವುದೇ ಅಪರಾಧ.

ಶಾಲೆಯ ವಿಷಯಕ್ಕೆ ಬಂದರೆ, ಶಾಲೆಯ ವೇಳೆಯಲ್ಲಿ ಫೋನನ್ನು ಮಿತಿಗೊಳಿಸುವ ಸೌಲಭ್ಯವನ್ನು ಫ್ಯಾಮಿಲಿ ಲಿಂಕ್‌ಗೆ ಈಚೆಗೆ ಸೇರಿಸಿದ್ದಾರೆ. ಮಕ್ಕಳು ಫೋನ್ ತರುವಂತೆಯೇ ಇಲ್ಲದ ಶಾಲೆಯವರಿಗೆ ಅದರಿಂದ ಏನೂ ಆಗಬೇಕಿಲ್ಲ. ನಮಗೆ ಬೇಕಾದ ಬದಲಾವಣೆಗಳು ಆ್ಯಪ್‌ನಲ್ಲಿರಲಿಲ್ಲ, ಶಾಲೆಯ ಅಭ್ಯಾಸಗಳಲ್ಲಿದ್ದವು. ಪೋಷಕರ ಸಭೆಯಲ್ಲಿ ಕೆಲವರು ಸೇರಿ ಕೇಳಿದಾಗ ತರಗತಿಯ ಮಿಸ್, ‘ಹೋಂವರ್ಕ್ ಡೈರೀಲೇ ಬರೆಸ್ತೀನಿ, ಗ್ರೂಪಿಗೆ ನೋಟಿಸ್ ಮಾತ್ರ ಹಾಕ್ತೀನಿ’ ಎಂದು ಒಪ್ಪಿಕೊಂಡರು. ಮಗಳು ನನ್ನ ಫೋನ್ ಮುಟ್ಟುವ ಅಗತ್ಯವನ್ನು ಅರ್ಧಕ್ಕರ್ಧ ಇಳಿಸಿದ್ದು ಆ ಒಂದು ಮಾತು. ಫೋಟೊಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಸ್ಪೋರ್ಟ್ಸ್ ಡೇ ಬಹುಮಾನದ ಚಿತ್ರಗಳನ್ನು ಮಗುವಿನ ಪೂರ್ತಿ ಹೆಸರು, ತರಗತಿ ಮತ್ತು ಸಮವಸ್ತ್ರದ ಸಮೇತ ಶಾಲೆಯ ಸಾರ್ವಜನಿಕ ಪುಟದಲ್ಲಿ ಹಾಕುವುದೆಂದರೆ, ಆಟದಲ್ಲಿ ಅಪರಿಚಿತನು ಕೇಳಬಹುದಾದ ಮಾಹಿತಿಯನ್ನು ಕೇಳದೆಯೇ ಕೊಟ್ಟಂತಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ನಿರೀಕ್ಷಿಸುತ್ತದೆ. ದಾಖಲಾತಿ ಫಾರ್ಮಿನ ಕೊನೆಯ ಪುಟದಲ್ಲಿರುವ ಒಪ್ಪಿಗೆಯ ಸಾಲನ್ನು ಓದಿ ಸಹಿ ಹಾಕುವುದು, ಫೋಟೊ ಹಾಕಿದರೂ ಹೆಸರು ಬೇಡವೆಂದು ಬರೆದುಕೊಡುವುದು ಪೋಷಕರ ಕೈಯಲ್ಲೇ ಇದೆ.

ಇನ್ನು ಉಳಿದದ್ದು ಅಜ್ಜಿಯ ಫೋನ್. ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ‘ಅಜ್ಜಿ, ಐದೇ ನಿಮಿಷ ಕೊಡು’ ಎಂದರೆ ನಮ್ಮ ಅತ್ತೆಯವರಿಗೆ ಇಲ್ಲವೆನ್ನಲು ಬರುವುದಿಲ್ಲ. ‘ಮಗು ನಾಲ್ಕು ತುತ್ತು ಜಾಸ್ತಿ ತಿನ್ನತ್ತಲ್ಲಮ್ಮಾ’ ಎಂಬುದು ಅವರ ಸಮರ್ಥನೆ. ಈ ಅಕ್ಕರೆಯನ್ನು ತಡೆಯುವ ಬಟನ್ ಫ್ಯಾಮಿಲಿ ಲಿಂಕ್‌ನಲ್ಲಿಲ್ಲ. ಇಲ್ಲಿ ಉಪಯೋಗಕ್ಕೆ ಬಂದದ್ದು ಆಂಡ್ರಾಯ್ಡ್ ಫೋನುಗಳ ಸೆಕ್ಯೂರಿಟಿ ಸೆಟ್ಟಿಂಗ್‌ನಲ್ಲಿ ಸಿಗುವ ಪಿನ್ನಿಂಗ್ ಸೌಲಭ್ಯ: ಹೊರಬರುವಾಗ ಪಿನ್ ನಂಬರ್ ಕೇಳುವ ಆಯ್ಕೆಯನ್ನು ಆನ್ ಮಾಡಿಟ್ಟು, ಒಂದು ಆ್ಯಪ್ ತೆರೆದು ಅದನ್ನು ಪಿನ್ ಮಾಡಿ ಕೊಟ್ಟರೆ, ಫೋನಿನ ಪಿನ್ ನಂಬರ್ ಗೊತ್ತಿಲ್ಲದವರು ಅದರಿಂದ ಹೊರಬಂದು ಬೇರೆ ಆ್ಯಪ್ ತೆರೆಯಲಾರರು. ಅತ್ತೆಯವರು ಇದನ್ನು ಒಂದೇ ಸಂಜೆಯಲ್ಲಿ ಕಲಿತರು. ಅವರ ಪಿನ್ ಮೊಮ್ಮಗಳ ಹುಟ್ಟಿದ ದಿನಾಂಕವೇ ಆಗಿದ್ದುದರಿಂದ ಅದನ್ನು ಬದಲಿಸಬೇಕಾಯಿತು.

ಮನೆಯಲ್ಲಿ ಹಳೆಯ ಆಂಡ್ರಾಯ್ಡ್ ಫೋನೋ ಟ್ಯಾಬೋ ಇದ್ದು, ಅದನ್ನು ಮಗುವಿಗೆಂದೇ ಮೀಸಲಿಡಲು ಸಿದ್ಧರಿರುವವರಿಗೆ ಫ್ಯಾಮಿಲಿ ಲಿಂಕ್ ಅನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಅಂಥವರಿಗೆ ಐದಕ್ಕೆ ನಾಲ್ಕು ಅಂಕ. ಮಗು ದೊಡ್ಡವರ ಫೋನನ್ನೇ ಬಳಸುವ ಮನೆಗೆ ಒಂದು ಅಂಕವೂ ಕಷ್ಟ, ಅಲ್ಲಿ ಪಿನ್ನಿಂಗ್ ಮತ್ತು ರೌಟರಿನ ಡಿಎನ್ಎಸ್ ಹೆಚ್ಚು ಕೆಲಸ ಮಾಡುತ್ತವೆ. ಮಗುವಿನ ಕೈಯಲ್ಲಿರುವುದು ಐಫೋನ್ ಅಥವಾ ಐಪ್ಯಾಡ್ ಆಗಿದ್ದರೆ ಅದರ ಬಳಕೆಯ ಸಮಯಕ್ಕೆ ಫ್ಯಾಮಿಲಿ ಲಿಂಕ್ ಮಿತಿ ಹಾಕಲಾರದು, ಆಪಲ್‌ನದೇ ಆದ ಸ್ಕ್ರೀನ್ ಟೈಮ್ ಸೌಲಭ್ಯವನ್ನು ಹೊಂದಿಸಿಕೊಳ್ಳಬೇಕು.