ಆರು ವರ್ಷ, ಒಂದೇ ಏರ್‌ಬ್ರಶ್, ಮೂರನೇ ನಾಝಲ್

ನನ್ನ ಏರ್‌ಬ್ರಶ್‌ನಲ್ಲಿ, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣದಲ್ಲಿ, ಈಗ ಓಡುತ್ತಿರುವುದು ಮೂರನೇ ನಾಝಲ್ (ಬಣ್ಣ ಹೊರಬರುವ ಮೂತಿ), ಎರಡನೇ ಸೂಜಿ. ಉಳಿದ ಮೈ ಎಲ್ಲ ಆರು ವರ್ಷದ ಹಿಂದೆ ಡಬ್ಬಿಯಿಂದ ತೆಗೆದದ್ದೇ. ಗುಂಡಿಯ ಮೇಲಿನ ಕ್ರೋಮ್ ಬೆರಳು ತಾಗಿ ತಾಗಿ ಸವೆದಿದೆ, ಒಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತದೆ. ಇಷ್ಟು ದಿನದಲ್ಲಿ ಇದರಿಂದ ಇಪ್ಪತ್ತಮೂರು ಪುಟ್ಟ ಮಾದರಿ ಕಾರುಗಳಿಗೆ ಬಣ್ಣ ಹೊಡೆದಿದ್ದೇನೆ. ಹದಿನಾಲ್ಕು ಕಪಾಟಿನ ಮುಂದಿನ ಸಾಲಿನಲ್ಲಿವೆ. ಒಂಬತ್ತು ಹಿಂದಿನ ಸಾಲಿನಲ್ಲಿವೆ, ಅವನ್ನು ಯಾರಿಗೂ ತೋರಿಸುವುದಿಲ್ಲ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. 0.3 ಮಿ.ಮೀ. ಸೂಜಿಯ, ಮೇಲೆ ಬಣ್ಣದ ಬಟ್ಟಲಿರುವ ಡ್ಯುಯಲ್ ಆಕ್ಷನ್ ಏರ್‌ಬ್ರಶ್. ಗುಂಡಿ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಜೊತೆಗೆ ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್, ಅದಕ್ಕೆ ಮೂರು ಲೀಟರ್ ಟ್ಯಾಂಕ್. ದುಬಾರಿ ಜಾತಿಯದ್ದಲ್ಲ, ಇದೇ ವಿನ್ಯಾಸ ಹತ್ತಾರು ಹೆಸರಲ್ಲಿ ಸಿಗುತ್ತದೆ. ನಾನು ಕಟ್ಟುವುದು ಹೆಚ್ಚಾಗಿ ನಿಜವಾದ ಕಾರಿನ 1/24 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳು: ತಮಿಯಾ, ಫುಜಿಮಿ, ಅಓಶಿಮಾ ಕಂಪನಿಗಳವು. ಆಗಾಗ ಎಎಂಟಿಯ 1/25 ಅಮೆರಿಕನ್ ಕಾರು.

ಇದಕ್ಕೆ ಮೊದಲು ಸ್ಪ್ರೇ ಕ್ಯಾನ್ ಬಳಸುತ್ತಿದ್ದೆ. ತಮಿಯಾದ ಟಿಎಸ್ ಕ್ಯಾನ್‌ಗಳು ಕೆಟ್ಟವಲ್ಲ, ಈಗಲೂ ಅವುಗಳ ಹೊಳಪಿಗೆ ನಾನು ಸೋಲುತ್ತೇನೆ. (ಹೊಸಬರು ಪಿಎಸ್ ಅಂತ ಬರೆದಿರುವ ಕ್ಯಾನ್ ತಂದುಕೊಳ್ಳಬೇಡಿ. ಅದು ಆರ್‌ಸಿ (ರಿಮೋಟ್‌ನಿಂದ ಓಡುವ) ಕಾರಿನ ಪಾಲಿಕಾರ್ಬೊನೇಟ್ ಮೈಗೆ ಹೊಡೆಯುವಂಥದ್ದು.) ಕ್ಯಾನ್‌ನ ತೊಂದರೆ ಬೇರೆ. ಒತ್ತಿದ ಕೂಡಲೇ ಬಣ್ಣ ಜಾಸ್ತಿ ಬರುತ್ತದೆ, ಕಡಿಮೆ ಮಾಡಲು ದಾರಿಯಿಲ್ಲ.

ಜಾಸ್ತಿ ಬಂದರೇನು ಅಂತೀರಾ? ಸ್ವಲ್ಪ ಲೆಕ್ಕ ಹಾಕಿ. ನಿಜವಾದ ಕಾರಿನ ಮೇಲಿನ ಬಣ್ಣದ ಪದರಗಳೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು). 24ರಿಂದ ಭಾಗಿಸಿದರೆ ನಾಲ್ಕರಿಂದ ಆರು ಮೈಕ್ರಾನ್. ಅಷ್ಟು ತೆಳ್ಳಗೆ ಯಾರಿಂದಲೂ ಆಗುವುದಿಲ್ಲ. ಆದರೆ ಬಾಗಿಲಿನ ಸಂದು ನೋಡಿ: ನಿಜದಲ್ಲಿ 4 ಮಿ.ಮೀ. ಇದ್ದರೆ ಮಾದರಿಯಲ್ಲಿ 0.17 ಮಿ.ಮೀ. ಪ್ರೈಮರ್ (ತಳದ ಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಎಲ್ಲ ದಪ್ಪವಾಗಿ ಕೂತರೆ ಆ ಗೆರೆ ಅರ್ಧ ಮುಚ್ಚಿಹೋಗುತ್ತದೆ. ಬಾಗಿಲು ತೆರೆಯುವ ಬಾಗಿಲಿನ ಹಾಗೆ ಕಾಣುವುದಿಲ್ಲ, ಮೈಮೇಲೆ ಗೀಚಿದ ಗೆರೆಯ ಹಾಗೆ ಕಾಣುತ್ತದೆ. ಕ್ಯಾನ್ ಕಾಲದ ನನ್ನ ಕಾರುಗಳು ಆಟಿಕೆಯ ಹಾಗೆ ಕಾಣುತ್ತಿದ್ದುದು ಬಣ್ಣದ ಆಯ್ಕೆಯಿಂದ ಅಂದುಕೊಂಡಿದ್ದೆ. ಅಲ್ಲ, ದಪ್ಪದಿಂದ. ನಾನು ಏರ್‌ಬ್ರಶ್ ಕೊಂಡಿದ್ದು ಬಣ್ಣ ಬೆರೆಸಿ ಆಡುವ ಆಸೆಗೆ. ಇಟ್ಟುಕೊಂಡಿದ್ದು ಈ ತೆಳುವಿಗೆ.

ಅದು ಸುಮ್ನೆ ಬರಲಿಲ್ಲ. ಮೊದಲ ಒಂದು ತಿಂಗಳು ಪ್ಲಾಸ್ಟಿಕ್ ಚಮಚಗಳ ಬೆನ್ನಿಗೇ ಹೊಡೆದೆ. ಬಣ್ಣವನ್ನು ಹಾಲಿನಷ್ಟು ತೆಳು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡುವ ಪರೀಕ್ಷೆ ಬಟ್ಟಲಿನ ಗೋಡೆ. ಕಡ್ಡಿಯಿಂದ ಬಣ್ಣ ಮೇಲಕ್ಕೆ ಎಳೆದು ಬಿಟ್ಟರೆ ಅದು ನಿಧಾನವಾಗಿ ಜಾರಬೇಕು, ಹಿಂದೆ ಕನ್ನಡಕದ ಗಾಜಿನ ಹಾಗೆ ಒಂದು ತೆಳು ಬಣ್ಣ ಉಳಿಯಬೇಕು. ನೀರಿನ ಹಾಗೆ ಓಡಿದರೆ ಥಿನ್ನರ್ ಜಾಸ್ತಿ. ಅಂಟಿಕೊಂಡು ನಿಂತರೆ ಕಡಿಮೆ. ಒತ್ತಡ 15ರಿಂದ 20 ಪಿಎಸ್‌ಐ. ಮೊದಲ ಸುತ್ತು ಮಂಜು ಕೂತ ಹಾಗೆ, ಕೆಳಗಿನ ಬಣ್ಣ ಪೂರ್ತಿ ಕಾಣಬೇಕು. ಮೂರನೆಯ ಸುತ್ತಿನಲ್ಲಿ ಮಾತ್ರ ಹತ್ತಿರ ಹೋಗುತ್ತೇನೆ. ಬಾನೆಟ್ ಮೇಲೆ ದೀಪದ ಬಿಂಬ ಒಮ್ಮೆಗೇ ಚೂಪಾಗುತ್ತದೆ, ಆಗ ಕೈ ಮುಂದಕ್ಕೆ ಹೋಗಿಬಿಡಬೇಕು. ಅಲ್ಲಿ ಅರ್ಧ ಕ್ಷಣ ನಿಂತರೆ ಹರಿಯುತ್ತದೆ. ದೂರದಿಂದ ಹೆದರಿ ಹೆದರಿ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಉಪ್ಪುಕಾಗದದ ಹಾಗೆ ಕೂರುತ್ತದೆ.

ಲ್ಯಾಕರ್‌ಗೆ (ನೀರಲ್ಲ, ಘಾಟು ದ್ರಾವಕದಲ್ಲಿ ಕರಗುವ ಬಣ್ಣ) ನಾನು ಹಾಕುವುದು ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್. ಅದು ಒಣಗುವುದನ್ನು ನಿಧಾನ ಮಾಡುತ್ತದೆ, ಬಣ್ಣಕ್ಕೆ ಸಮನಾಗಿ ಹರಡಿಕೊಳ್ಳಲು ಸಮಯ ಸಿಗುತ್ತದೆ. ಕಿತ್ತಳೆ ಸಿಪ್ಪೆಯಂಥ ಮೇಲ್ಮೈ ಅರ್ಧಕ್ಕರ್ಧ ಕಡಿಮೆಯಾಯಿತು. ಒಂದು ಸಲ ಅದೇ ಥಿನ್ನರನ್ನು ನೀರಿನ ಆಕ್ರಿಲಿಕ್‌ಗೆ ಸುರಿದೆ. ಬಟ್ಟಲಿನೊಳಗೆ ಬಣ್ಣ ರಬ್ಬರ್ ಉಂಡೆಯಾಯಿತು. ಅದನ್ನು ಕೆರೆದು ತೆಗೆಯುವಾಗಲೇ ಮೊದಲ ಸೂಜಿಯ ತುದಿ ಕೊಕ್ಕೆಯಾಗಿದ್ದು.

ಇನ್ನು ದೂರುಗಳು. ಮೊದಲನೆಯದು ನಾಝಲ್. ಸಾಸಿವೆಗಿಂತ ಸ್ವಲ್ಪ ದೊಡ್ಡದು, ತಿರುಪಿ ಕೂರಿಸುವಂಥದ್ದು. ಜೊತೆಗೆ ಕೊಟ್ಟ ಪುಟ್ಟ ಸ್ಪ್ಯಾನರ್ ಮಾತ್ರ ಬೇಕಾದ್ದಕ್ಕಿಂತ ಗಟ್ಟಿ ಹಿಡಿತದ್ದು. ಬೆರಳಿಗೆ ಏನೂ ಗೊತ್ತಾಗುವುದಿಲ್ಲ, ಟಕ್ ಅಂತ ತಿರುಪಿನ ಭಾಗ ಮುರಿದು ಒಳಗೇ ಉಳಿಯುತ್ತದೆ. ಎರಡು ಸಲ ಹೀಗಾಯಿತು. ಮೊದಲ ಸಲ ಬಿಡಿಭಾಗ ತರಿಸಿದಾಗ ಮಾರಿದವರು 0.2 ಮಿ.ಮೀ. ಕಳಿಸಿದರು, ಬದಲಾಯಿಸಿ ಕೊಡಲು ಐದು ವಾರ ಎಳೆದಾಡಿದರು. ಈಗ ಸ್ಪ್ಯಾನರನ್ನು ಎರಡು ಬೆರಳ ತುದಿಯಲ್ಲಷ್ಟೇ ಹಿಡಿಯುತ್ತೇನೆ. ಒಂದು ನಾಝಲ್ ಯಾವಾಗಲೂ ಜಾಸ್ತಿ ಇಟ್ಟುಕೊಂಡಿರುತ್ತೇನೆ.

ಎರಡನೆಯದು ನೀರು, ಇದು ಹೆಚ್ಚು ನೋವು ಕೊಟ್ಟದ್ದು. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ. ಆ ಗಾಳಿ ಹೋಸ್‌ನಲ್ಲಿ ತಣ್ಣಗಾಗುತ್ತಾ ಬಂದ ಹಾಗೆ ಅದರೊಳಗಿನ ತೇವ ಹನಿಯಾಗುತ್ತದೆ. ತೇವ ಹಿಡಿಯುವ ಬಟ್ಟಲನ್ನು ಕಂಪ್ರೆಸರ್ ಮೇಲೆಯೇ ಕೂರಿಸಿ ಕೊಟ್ಟಿದ್ದಾರೆ, ಅಂದರೆ ಗಾಳಿ ಇನ್ನೂ ಬಿಸಿ ಇರುವ ಜಾಗದಲ್ಲಿ. ಅಲ್ಲಿ ಏನು ಹಿಡಿಯುತ್ತದೆ, ಹೇಳಿ? ಕಡುನೀಲಿ ಕಾರೊಂದರ ಕೊನೆಯ ಕ್ಲಿಯರ್ ಕೋಟ್. ಬಾನೆಟ್ ಆಯಿತು, ಎರಡೂ ಬದಿ ಆಯಿತು, ಛಾವಣಿಯ ನಡುವೆ ಬಂದಾಗ ಬ್ರಶ್ ಒಮ್ಮೆ ಕೆಮ್ಮಿತು. ಮೂರು ಹನಿ, ಸುತ್ತ ಉಂಗುರ. ಆ ಕಾರು ಈಗ ಹಿಂದಿನ ಸಾಲಿನಲ್ಲಿದೆ. ಮಾರನೇ ವಾರ ಬ್ರಶ್‌ನ ಕೆಳಗೇ ಹೋಸ್‌ಗೆ ಸಿಕ್ಕಿಸುವ ಪುಟ್ಟ ತೇವ ಹಿಡುಕ ಹಾಕಿದೆ, ಪ್ರತಿ ದಿನದ ಕೊನೆಗೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಿಡುವ ರೂಢಿ ಮಾಡಿಕೊಂಡೆ. ಆಮೇಲೆ ಕೆಮ್ಮಿಲ್ಲ. ಹೊರಗೆ ತೇವ ಜಾಸ್ತಿ ಇರುವ ದಿನ ಮಾತ್ರ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಅವತ್ತು ಬಣ್ಣ ಬಿಟ್ಟು ಎಂಜಿನ್ ಕಟ್ಟುತ್ತೇನೆ.

ಬ್ರಶ್ ಮೇಲೆ ಹಾಕಲಾಗದ ತಪ್ಪೂ ಒಂದಿದೆ. ಕೆಂಪು ಪ್ಲಾಸ್ಟಿಕ್‌ನಲ್ಲಿ ಬಂದ ಕಾರಿನ ಮೈಗೆ ಬಿಳಿ ಹೊಡೆದೆ. ಅವತ್ತು ಬಿಳಿ, ಮೂರನೇ ದಿನ ಗುಲಾಬಿ. ಲ್ಯಾಕರ್ ಥಿನ್ನರ್ ಪ್ಲಾಸ್ಟಿಕ್‌ನ ಬಣ್ಣವನ್ನೇ ಕರಗಿಸಿ ಮೇಲಕ್ಕೆ ಎಳೆಯುತ್ತದೆ. ಈಗ ಅಂಥ ಮೈಗೆ ಮೊದಲು ತೆಳುವಾಗಿ ಬೆಳ್ಳಿ ಬಣ್ಣ ಹೊಡೆದು ತಡೆ ಹಾಕುತ್ತೇನೆ.

ಟ್ಯಾಂಕಿನ ಬಗ್ಗೆ ದೂರಿಲ್ಲ. ಟ್ಯಾಂಕ್ ಇಲ್ಲದ ಸಣ್ಣ ಕಂಪ್ರೆಸರ್ ಗೆಳೆಯನ ಹತ್ತಿರ ಇದೆ, ಪಿಸ್ಟನ್‌ನ ಪ್ರತಿ ಬಡಿತವೂ ಬಣ್ಣದಲ್ಲಿ ಮಿಡಿಯುತ್ತದೆ. ಬ್ರಶ್‌ಗೆ ಸ್ವಲ್ಪ ಕಡಿಮೆ ಖರ್ಚು ಮಾಡಿದರೂ ಸರಿ, ಟ್ಯಾಂಕ್ ಬಿಡಬೇಡಿ. 0.3 ಸೂಜಿ ಬಾಡಿಗೂ ಸಾಕು, ಡ್ಯಾಶ್‌ಬೋರ್ಡ್‌ಗೂ ಸಾಕು. ಪ್ರೈಮರ್‌ಗೆ ಮಾತ್ರ ಆಗಾಗ ಕಟ್ಟಿಕೊಳ್ಳುತ್ತದೆ, ಅದಕ್ಕೆ ಇವತ್ತಿಗೂ ಕ್ಯಾನ್ ಬಳಸುತ್ತೇನೆ. ಆಲ್‌ಕ್ಲಾಡ್‌ನ ಕ್ರೋಮ್ ಬಣ್ಣ, ಕೆಳಗೆ ಹೊಳೆಯುವ ಕಪ್ಪು ಇದ್ದರೆ, ಬಹಳ ಚೆನ್ನಾಗಿ ಕೂರುತ್ತದೆ. ಆದರೆ ಕಿಟಕಿ ಅಂಚಿನ ಪಟ್ಟಿಗೆ ನನಗೆ ಬೇರ್ ಮೆಟಲ್ ಫಾಯಿಲ್ (ಅಂಟಿಸುವ ತೆಳು ಲೋಹದ ಹಾಳೆ) ಇಷ್ಟ.

ಒಂದು ವಿಷಯ ಸಲೀಸಾಗಿ ಬಿಡಬೇಡಿ. ಲ್ಯಾಕರ್ ಹೊಡೆಯುವಾಗ ಆವಿಗೆ ಹೊಂದುವ ಫಿಲ್ಟರ್ ಇರುವ ಮುಖವಾಡ ಬೇಕೇ ಬೇಕು, ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ. ಎರಡು ಭಾಗ ಬೆರೆಸುವ ಯುರೇಥೇನ್ ಕ್ಲಿಯರ್‌ನಲ್ಲಿ ಉಸಿರಿಗೆ ಅಪಾಯವಾದ ಐಸೊಸಯನೇಟ್ ಇರುತ್ತದೆ. ಆ ಕ್ಲಿಯರ್‌ನ ಹೊಳಪಿಗೆ ನನಗೂ ಆಸೆ ಇದೆ, ಆದರೆ ನನ್ನ ಕೋಣೆಯ ಗಾಳಿ ಹೊರಹಾಕುವ ಫ್ಯಾನ್ ನಂಬಿ ಅದನ್ನು ಮುಟ್ಟಿಲ್ಲ.

ತೊಳೆಯುವುದಕ್ಕೆ ಈಗ ಎಂಟು ನಿಮಿಷ ಸಾಕು. ಮೊದಲ ವರ್ಷ ಅರ್ಧ ಗಂಟೆ ಹಿಡಿಯುತ್ತಿತ್ತು, ಪ್ರತಿ ಸಲ ಎಲ್ಲ ಬಿಚ್ಚುತ್ತಿದ್ದೆ, ನಾಝಲ್ ಮುರಿದದ್ದೂ ಹಾಗೇ. ಈಗ ಥಿನ್ನರ್ ಓಡಿಸಿ, ಸೂಜಿ ಹೊರಗೆಳೆದು ಒರೆಸಿ, ಒಂದು ಹನಿ ಎಣ್ಣೆ ಹಚ್ಚಿ ಒಳಗಿಡುತ್ತೇನೆ. ನಾಝಲ್ ಬಿಚ್ಚುವುದು ತಿಂಗಳಿಗೊಮ್ಮೆ. ಇಪ್ಪತ್ತನಾಲ್ಕನೇ ಬಾಡಿ ಪ್ರೈಮರ್ ಮುಗಿಸಿ ಡಬ್ಬಿ ಕೆಳಗೆ ಮುಚ್ಚಿಟ್ಟಿದೆ. ಈ ಸಲವೂ ಕಡುನೀಲಿ.